ಮೂರು ಕೆಂಪು ಚುಕ್ಕಿ

ಪಂಪ್ ಮಾವನ ಸಿಟ್ಟಿನ ವಿಷಯ ಬಿಟ್ಟು ಬರೀ ಅವರ ಕಾರಿನ ವಿಷಯ ಹೇಳಿದರೆ ಅರ್ಧ ಕಥೆ ಹೇಳಿದ ಹಾಗಾಗುತ್ತದೆ. ನೀರಿನ ಪಂಪ್‌ಹೌಸಿನಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದ ಮನುಷ್ಯ. ಬೀದಿಗೆಲ್ಲ ಅವರು ಪಂಪ್ ಮಾವ, ಅವರ ಹೆಂಡತಿ ಅತ್ತೆ. ಮಾವನಿಗೆ ಕೋಪ ಮೂಗಿನ ತುದಿಯಲ್ಲೇ. ಇಟ್ಟ ಸ್ಪ್ಯಾನರು ಇಟ್ಟ ಜಾಗದಿಂದ ಒಂದು ಗೇಣು ಸರಿದಿದ್ದರೆ ಸಾಕು, ಮನೆಯ ಮಾಡು ಹಾರಿಹೋಗುವಂತೆ ಕೂಗಾಡುತ್ತಿದ್ದರು. ಅತ್ತೆ ಜಗಳಕ್ಕೆ ಹೋಗುವವರಲ್ಲ. ಮಾವ ಬಾಯಿ ತೆರೆದ ಕೂಡಲೇ ಒಳಗೆ ಹೋಗಿ ಮಿಕ್ಸಿ ಹಾಕಿಬಿಡುತ್ತಿದ್ದರು. ಒಮ್ಮೊಮ್ಮೆ ಜಾರಿನಲ್ಲಿ ಏನೂ ಇರುತ್ತಿರಲಿಲ್ಲ.

ಕಾರು ಇದ್ದದ್ದು ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ. ದುಂಡು ಹೆಡ್‌ಲೈಟು, ಉಬ್ಬಿದ ಬಾನೆಟ್ಟು, ಮಾವನಿಗಿಂತ ಎರಡೇ ವರ್ಷ ಚಿಕ್ಕದು. ಗುಜರಿಯಿಂದ ಎಳೆದು ತಂದಾಗ ಹಿಂದಿನ ಸೀಟಿನಲ್ಲಿ ಬೆಕ್ಕೊಂದು ಮರಿ ಹಾಕಿತ್ತು. ಒಂಬತ್ತು ವರ್ಷ ಮಾವ ಅದನ್ನು ಬಿಚ್ಚಿದರು, ತಿಕ್ಕಿದರು, ಮತ್ತೆ ಜೋಡಿಸಿದರು. ಅವರದೊಂದು ಪದ್ಧತಿ ಇತ್ತು. ನಟ್ಟನ್ನು ಮೊದಲು ಬೆರಳಲ್ಲಿ ಸುತ್ತಿ ಬಿಡುವುದು. ಸ್ಪ್ಯಾನರು ಹಾಕಿ ಪೂರ್ತಿ ಬಿಗಿ ಮಾಡಿದ ಮೇಲೆ, ಮಗಳು ಬಿಟ್ಟುಹೋದ ಉಗುರುಬಣ್ಣದಿಂದ ಅದರ ಮೇಲೊಂದು ಕೆಂಪು ಚುಕ್ಕಿ ಇಡುವುದು. ಚುಕ್ಕಿ ಇದ್ದರೆ ಕೆಲಸ ಮುಗಿದಿದೆ, ಇಲ್ಲದಿದ್ದರೆ ಬಾಕಿ ಇದೆ. ಅಷ್ಟೇ.

ಅತ್ತೆ ಒಮ್ಮೆ ಕೇಳಿದ್ದರು. "ಇದೇನ್ರೀ, ಗಾಡಿಗೂ ಉಗುರುಬಣ್ಣ ಹಚ್ತಿದ್ದೀರಾ?"

"ನಿಂಗ್ಯಾಕೆ ಅದೆಲ್ಲ? ಹೋಗಿ ನಿನ್ನ ಕೆಲಸ ನೋಡು" ಅಂದರು ಮಾವ.

ಒಂದು ಮಾತು ಬಿಡಿಸಿ ಹೇಳಲು ಎಷ್ಟು ಹೊತ್ತು ಬೇಕಿತ್ತು, ನೀವೇ ಹೇಳಿ. ತುಕ್ಕು ಹಿಡಿಯದಿರಲಿ ಅಂತ ಹಚ್ಚುತ್ತಾರೇನೋ ಎಂದು ಅತ್ತೆ ತಾವೇ ಅರ್ಥ ಮಾಡಿಕೊಂಡು ಸುಮ್ಮನಾದರು.

ಈ ಕಾರು ಮೊದಲ ಸಲ ರಸ್ತೆಗಿಳಿದಾಗ ಓಡಿಸುವವಳು ನೀನೇ ಎಂದು ಮಾವ ಮಗಳಿಗೆ ಮಾತು ಕೊಟ್ಟಿದ್ದರು. ಮೂವತ್ತೊಂದು ವರ್ಷದ ಹೆಂಗಸಾದರೂ ಅವಳು ಈ ಮನೆಗೆ ಪುಟ್ಟಿಯೇ. ಮಾವನ ಕಣ್ಣಿಗೆ ಪೊರೆ ಬಂದು ಡಾಕ್ಟರು ಗಾಡಿ ಓಡಿಸಬೇಡಿ ಅಂದ ಮೇಲಂತೂ ಬೇರೆ ದಾರಿಯೂ ಇರಲಿಲ್ಲ. ಭಾನುವಾರ ಬರುತ್ತೇನೆ ಎಂದು ಪುಟ್ಟಿ ಫೋನು ಮಾಡಿದಳು. ಆ ಭಾನುವಾರಕ್ಕೆ ಇನ್ನೂ ಹದಿನೈದು ದಿನ ಇರುವಾಗ ಮಾವ ಜ್ವರ ಬಂದು ಮಲಗಿಬಿಟ್ಟರು.

ಹನ್ನೊಂದು ದಿನ ತಲೆ ಎತ್ತಲಿಲ್ಲ. ಸಿಟ್ಟು ಮಾಡಲೂ ತ್ರಾಣವಿಲ್ಲದೆ ಬಿದ್ದಿದ್ದ ಗಂಡನನ್ನು ನೋಡಿ ಅತ್ತೆಗೆ ಕರುಳು ಚುರುಕ್ಕೆಂದಿತು. ಪಾಪ, ಭಾನುವಾರದೊಳಗೆ ಮುಗಿಯದಿದ್ದರೆ ಎಷ್ಟು ನೊಂದುಕೊಳ್ಳುತ್ತಾರೋ ಎಂದು ಒಂದು ಮಧ್ಯಾಹ್ನ ಶೆಡ್ಡಿಗೆ ಹೋದರು. ಗಂಡನ ಚಾಪೆಯ ಮೇಲೆ ಅಂಗಾತ ಮಲಗಿ ಕಾರಿನಡಿ ಸರಿದು ಟಾರ್ಚು ಬಿಟ್ಟರು. ಎಲ್ಲ ನಟ್ಟಿಗೂ ಕೆಂಪು ಚುಕ್ಕಿ ಇತ್ತು. ಮುಂದಿನ ಎಡ ಚಕ್ರದ ಹತ್ತಿರ, ಸ್ಟೇರಿಂಗಿನ ಕಂಬಿ ಬಂದು ಸೇರುವ ಕಡೆ, ಮೂರು ಮಾತ್ರ ಬೋಳಾಗಿದ್ದವು. ಅತ್ತೆ ಬಾಟಲಿಯ ಮುಚ್ಚಳ ತಿರುಗಿಸಿ, ಕೈ ನಡುಗದ ಹಾಗೆ ಉಸಿರು ಬಿಗಿಹಿಡಿದು, ಮೂರಕ್ಕೂ ನೀಟಾಗಿ ಚುಕ್ಕಿ ಇಟ್ಟರು. ಗಂಡನಿಗೆ ಹೇಳಲಿಲ್ಲ. ಕಾರು ಮುಟ್ಟಿದ್ದು ಗೊತ್ತಾದರೆ ಜ್ವರ ತಲೆಗೇರುತ್ತದೆ ಅಂದುಕೊಂಡರು.

ಜ್ವರ ಬಿಟ್ಟ ಮೇಲೆ ಮಾವ ಗೋಡೆ ಹಿಡಿದು ನಡೆದು ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದರು. ಎಲ್ಲ ಕಡೆ ಚುಕ್ಕಿ.

"ನೋಡು, ಮಲಗೋಕೆ ಮುಂಚೇನೇ ಎಲ್ಲ ಮುಗಿಸಿಬಿಟ್ಟಿದ್ದೀನಿ. ನಂಗೇ ನೆನಪಿಲ್ಲ" ಎಂದು ನಕ್ಕರು. ಅಷ್ಟು ಸಂತೋಷವಾಗಿ ನಕ್ಕದ್ದು ಕಂಡು ಅತ್ತೆಯೂ ನಕ್ಕರು.

ಭಾನುವಾರ ಬೆಳಿಗ್ಗೆ ಪುಟ್ಟಿ ಕಾರನ್ನು ಅಂಗಳದಲ್ಲಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಓಡಿಸಿ ನೋಡಿದಳು. ಇಂಜಿನ್ನು ಹದವಾಗಿ ಗುರುಗುಟ್ಟಿತು. ಎದುರುಮನೆಯ ಟೈಲರು ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡೇ ಹೆಂಡತಿಯ ಜೊತೆ ಬಂದು ನಿಂತ.

"ಒಂದು ಅಂಗಿಗೆ ಎಂಟು ಗುಂಡಿ ಹಾಕೋದ್ರಲ್ಲೇ ನಂಗೆ ಒಂದು ಮರ್ತೋಗತ್ತೆ. ಇಷ್ಟೊಂದು ನಟ್ಟು ಹೆಂಗೆ ಲೆಕ್ಕ ಇಟ್ರಿ ಮಾವ?"

ಮಾವನಿಗೆ ಅವತ್ತು ಬಾಯ್ತುಂಬ ಮಾತು. "ಲೆಕ್ಕ ಯಾಕಯ್ಯಾ? ಬಿಗಿ ಮಾಡಿದ್ದಕ್ಕೆ ಮಾತ್ರ ಕೆಂಪು ಚುಕ್ಕಿ. ಚುಕ್ಕಿ ಇಲ್ಲ ಅಂದ್ರೆ ಅದು ಸಡಿಲ, ಬೆರಳಲ್ಲಿ ತಿರುಗಿಸಿಟ್ಟಿದ್ದು ಅಷ್ಟೇ. ಒಂಬತ್ತು ವರ್ಷದಲ್ಲಿ ಒಂದೂ ತಪ್ಪಿಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ತಾವಿಟ್ಟ ಮೂರು ಚುಕ್ಕಿ ಕಣ್ಣ ಮುಂದೆ ಬಂದವು. ಕಾರು ಇನ್ನೂ ಗೇಟಿನ ಒಳಗಿತ್ತು, ಪುಟ್ಟಿ ಕನ್ನಡಿ ಸರಿ ಮಾಡಿಕೊಳ್ಳುತ್ತಿದ್ದಳು. ನಿಲ್ಲಿಸು ಅಂದರೆ ಮುಗಿಯಿತು. ಆದರೆ ಟೈಲರು ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಎಲ್ಲರೆದುರು ಇವರು ಬೈಯಲು ಶುರುಮಾಡಿದರೆ? ಒಂದು ಸುತ್ತು ಹೋಗಿ ಬರಲಿ, ಆಮೇಲೆ ಮೆಲ್ಲಗೆ ಹೇಳಿದರಾಯಿತು, ಇಷ್ಟರಲ್ಲಿ ಏನಾದೀತು? ಮೂವತ್ತೈದು ವರ್ಷ ಬಾಯಿ ಮುಚ್ಚಿಕೊಂಡು ರೂಢಿಯಾದ ಹೆಂಗಸು ಅವತ್ತೂ ಬಾಯಿ ಮುಚ್ಚಿಕೊಂಡರು. ಪುಟ್ಟಿ ಕೈ ಬೀಸಿ ಹೊರಟಳು.

ಬೀದಿ ಮುಗಿದ ಮೇಲೆ ಉದ್ದನೆಯ ಇಳಿಜಾರು. ಅದರ ಕೊನೆಗೆ ತಿರುವು, ತಿರುವಿಗೆ ಎದುರಾಗಿ ಮಂಜುಗಡ್ಡೆ ಕಾರ್ಖಾನೆಯ ಕಲ್ಲಿನ ಗೋಡೆ. ಕಾರು ಕಣ್ಮರೆಯಾದ ಕೂಡಲೇ ಅತ್ತೆ ಗಂಡನ ತೋಳು ಹಿಡಿದರು.

"ರೀ, ಮೂರು ಚುಕ್ಕಿ ನಾನಿಟ್ಟಿದ್ದು."

ಮಾವ ಬೈಯಲಿಲ್ಲ. "ಎಲ್ಲಿ?" ಅಂದರು.

"ಮುಂದಿನ ಚಕ್ರದ ಹತ್ರ. ಎಡಗಡೆ."

ಮಾವ ಬರಿಗಾಲಲ್ಲಿ ಓಡಿದರು. ಟೈಲರು ಫೋನು ಮಾಡಿದ, ಪುಟ್ಟಿ ಎತ್ತಲಿಲ್ಲ. ಗಾಡಿ ಓಡಿಸುವಾಗ ಫೋನ್ ಎತ್ತಬೇಡ ಎಂದು ಕಲಿಸಿದವರೂ ಮಾವನೇ. ಅವರು ಇಳಿಜಾರಿನ ತುದಿ ಮುಟ್ಟುವ ಮೊದಲೇ ಕೆಳಗಿನಿಂದ ಸದ್ದು ಬಂತು.

ಪುಟ್ಟಿಯ ಜೀವ ಉಳಿಯಿತು. ಎಡಗಾಲು ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಪೊಲೀಸರಿಗೆ, ಅಳಿಯನಿಗೆ, ಬೀದಿಯವರಿಗೆ ಮಾವ ಹೇಳಿದ್ದು ಒಂದೇ ಮಾತು. "ಬಿಗಿ ಮಾಡೋದು ಮರೆತೆ. ನನ್ನದೇ ತಪ್ಪು." ಮುದುಕನಿಗೆ ಅರಳುಮರಳು ಎಂದು ಜನ ಆಡಿಕೊಂಡರು. ಅವತ್ತು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ ಟೈಲರು ಮಾತ್ರ ಅತ್ತೆಯ ಮುಖ ನೋಡುವುದನ್ನು ಬಿಟ್ಟ.

ಮನೆಯಲ್ಲಿ ಕೂಗಾಟ ನಿಂತುಹೋಯಿತು. ಸ್ಪ್ಯಾನರುಗಳು ಎಲ್ಲೆಂದರಲ್ಲಿ ಬಿದ್ದಿದ್ದರೂ ಮಾವ ಕೇಳಲಿಲ್ಲ. ಮಿಕ್ಸಿ ಹಾಕುವ ಪ್ರಸಂಗವೇ ಬರಲಿಲ್ಲ. ಆ ಮೌನಕ್ಕೆ ಅತ್ತೆ ಹೆದರಿದಷ್ಟು ಅವರ ಸಿಟ್ಟಿಗೆ ಎಂದೂ ಹೆದರಿರಲಿಲ್ಲ. ಇವತ್ತು ಕೇಳುತ್ತಾರೆ, ನಾಳೆ ಕೇಳುತ್ತಾರೆ ಎಂದು ಜೀವ ಕೈಯಲ್ಲಿ ಹಿಡಿದುಕೊಂಡು ಮೂರು ತಿಂಗಳು ಕಳೆದರು.

ಒಂದು ದಿನ ಊಟಕ್ಕೆ ಕುಳಿತಾಗ ಮಾವ ಕೇಳಿದರು. "ಟೈಲರಿಗೆ ನಾನು ಚುಕ್ಕಿ ವಿಷಯ ಹೇಳ್ತಿದ್ದಾಗ ಗಾಡಿ ಇನ್ನೂ ಗೇಟಿನ ಒಳಗೇ ಇತ್ತು, ಅಲ್ವಾ?"

"ಹೂಂ."

"ನೀನೂ ಬಾಗಿಲಲ್ಲೇ ಇದ್ದೆ."

"ಇದ್ದೆ."

"ಮತ್ಯಾಕೆ ಬಾಯಿ ಬಿಡಲಿಲ್ಲ?"

ಅತ್ತೆ ತಟ್ಟೆ ನೋಡಿಕೊಂಡೇ ಹೇಳಿದರು. "ನೀವು ಬೈತೀರಾ ಅಂತ."

ಒಳಗಿನ ಕೋಣೆಯಲ್ಲಿ ಪುಟ್ಟಿಯ ಊರುಗೋಲು ನೆಲಕ್ಕೆ ತಾಗಿತು. ಅವಳು ನಿಧಾನವಾಗಿ ಬಾಗಿಲ ಕಡೆಗೆ ಬರುವುದು ಕೇಳಿಸಿತು, ಇಬ್ಬರೂ ಮಾತು ನಿಲ್ಲಿಸಿದರು.