ಯಲ್ಲಾರಿಯ ಗಂಟೆ ಮತ್ತು ಕಾಯಿಲ್ ಸುತ್ತುವ ಲಗಮವ್ವ

ಗೋಕಾಕ ಜಲಪಾತದ ಮೇಲಿನ ಕ್ಲಬ್ಬಿನಲ್ಲಿ ಇನ್ನೂ ದೀಪ ಹತ್ತಿಲ್ಲ. ನೀರಿನ ತುಂತುರು ಕಿಟಕಿಯ ಗಾಜಿಗೆ ಕೂತು ಬೆಳಗನ್ನೇ ಮಬ್ಬು ಮಾಡಿದೆ. ಲಗಮವ್ವ ಸೆರಗು ಬಿಗಿದು, ಪಿನ್‌ಬಾಲ್ ಯಂತ್ರದ ಹಲಗೆಗೆ ಕಿವಿ ಹಚ್ಚಿ ಕೂತಿದ್ದಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದ ನಾನು ಪಕ್ಕದಲ್ಲಿ ನಿಂತಿದ್ದೇನೆ. ಉಕ್ಕಿನ ಗುಂಡನ್ನು ಚಿಮ್ಮಿಸಿದರೆ ಅದು ಅಲ್ಲಲ್ಲಿ ಬಡಿದು ಗಂಟೆ ಬಾರಿಸುವ ಆಟದ ಪೆಟ್ಟಿಗೆ ಇದು. ಎರಡನೇ ಮಹಾಯುದ್ಧಕ್ಕೂ ಮುಂಚೆ ಯಾರೋ ಸಾಹೇಬರು ಮುಂಬಯಿಯಿಂದ ತರಿಸಿದ್ದಂತೆ.

ಪಕ್ಕದ ನೂಲಿನ ಗಿರಣಿಯ ಬೆಳಗಿನ ಪಾಳಿ ಶುರುವಾಗುತ್ತದೆ. ಅದರ ಜೊತೆಗೇ ಕ್ಲಬ್ಬಿಗೂ ಕರೆಂಟು ಬರುತ್ತದೆ.

ಠಣ್!

ಯಾರೂ ಮುಟ್ಟಿಲ್ಲ. ಬಾಗಿಲಲ್ಲಿ ನಿಂತ ಕಾವಲುಗಾರ ಮಾಯಪ್ಪ ಕೈ ಮುಗಿಯುತ್ತಾರೆ. "ನನ್ನ ತಮ್ಮ ಬಂದ ನೋಡ್ರಿ."

ತಮ್ಮ ಯಲ್ಲಾರಿ ಇದೇ ಕ್ಲಬ್ಬಿನ ಆಳು. ದಿನಾ ನಸುಕಿನಲ್ಲಿ ಯಂತ್ರ ಒರೆಸಿ, ಕದ್ದು ಒಂದು ಗುಂಡು ಬಿಡುತ್ತಿದ್ದ. ಆಷಾಢದಲ್ಲಿ ಹೊಳೆಗೆ ಇಳಿದವನು ಮೇಲೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಮರುದಿನದಿಂದ ಗಂಟೆ ತಾನೇ ಬಾರಿಸುತ್ತಿದೆ, ಹಿಂದೆಯೇ ಹೊಗೆ ಏಳುತ್ತಿದೆ. ಇನ್ನೊಮ್ಮೆ ಹೊಗೆಯಾಡಿದರೆ ಒಡೆದು ಹೊಳೆಗೆ ಎಸೆಯಿರಿ ಎಂದು ಕ್ಲಬ್ಬಿನವರು ಹೇಳಿದ್ದಾರೆ. ಮಾಯಪ್ಪ ಅದಕ್ಕೇ ಲಗಮವ್ವನ ಮನೆಗೆ ಓಡಿದ್ದು.

ಸುಟ್ಟ ವಾಸನೆ ಮೂಗಿಗೆ ಬಡಿದೊಡನೆ ಲಗಮವ್ವ ವೈರು ಕಿತ್ತುಬಿಡುತ್ತಾರೆ.

ಕೌಜಲಗಿಯಿಂದ ಹುಡುಗಿಯಾಗಿದ್ದಾಗಲೇ ಗಿರಣಿಗೆ ಬಂದು ನೂಲು ಸುತ್ತಿದವರು ಇವರು. ಗಿರಣಿಯ ವಿದ್ಯುತ್ ಖಾತೆಯಲ್ಲಿ ತಂತಿಯ ಸುರುಳಿ, ಅಂದರೆ ಕಾಯಿಲ್, ಸುತ್ತುತ್ತಿದ್ದ ಮಾಲಿಂಗಪ್ಪನವರಿಗೆ ಕಣ್ಣು ಮಂಜಾದಾಗ, ಇವರ ಕೈಯ ಹದ ನೋಡಿ ತಾಮ್ರದ ತಂತಿ ಕೊಟ್ಟರು. "ನೂಲಾದ್ರೇನು, ತಾಮ್ರಾದ್ರೇನ್ರಿ, ಸಡಲ ಬಿಟ್ರ ಎರಡೂ ಕೆಡತಾವು" ಎನ್ನುತ್ತಾರೆ ಲಗಮವ್ವ. ಈಗ ಪಂಖಾ, ಮೋಟಾರುಗಳ ಕಾಯಿಲ್ ದಿನಕ್ಕೆ ಮೂರು ನಾಲ್ಕು ಸುತ್ತುತ್ತಾರೆ. ಆದರೆ ಓಣಿಯಲ್ಲಿ ಇವರ ಹೆಸರು "ಮೈಯಾಗ ಮಿಂಚು ಹೊಕ್ಕಾಕಿ." ಬಾಣಂತಿಯರು ಇವರ ಕೈಗೆ ಕೂಸು ಕೊಡುವುದಿಲ್ಲ.

"ನಕ್ಕ ಸುಮ್ಮನಿರತೀನ್ರಿ. ಕೂಸು ಎತ್ತಿಕೊಳ್ಳಾಕ ಆಸೆ ಆಗತೈತಿ, ಖರೆ."

ಹಲಗೆ ಮಗುಚಿದಾಗ ರೋಗ ಕಾಣುತ್ತದೆ. ಗುಂಡು ತಾಗಿದಾಗ ಎರಡು ತೆಳು ತಗಡು ಕೂಡಬೇಕು, ಕಾಯಿಲ್ ಗಂಟೆಯ ಕಡ್ಡಿಯನ್ನು ಎಳೆಯಬೇಕು, ತಗಡು ತಕ್ಷಣ ಬಿಡಬೇಕು. ಇಲ್ಲಿ ಕಿಡಿಗೆ ಕರಗಿ ಎರಡೂ ಅಂಟಿವೆ. ಕರೆಂಟು ಬಂದೊಡನೆ ಕಡ್ಡಿ ಗಂಟೆಗೆ ಬಡಿದು ಅಲ್ಲೇ ನಿಲ್ಲುತ್ತದೆ. ಹರಿಯುವ ಕರೆಂಟು ನಿಲ್ಲದೆ ಕಾಯಿಲ್ ಕಾಯುತ್ತಲೇ ಇರುತ್ತದೆ.

"ಕಾಕಾ, ನಿನ್ನ ತಮ್ಮ ಕಡೇ ಗುಂಡು ಬಿಟ್ಟಾಗನ ಇದು ಅಂಟಿರಬೇಕು."

ಮಾಯಪ್ಪ ಬಾಗಿ ಅಂಟಿದ ತಗಡು ನೋಡುತ್ತಾರೆ. ಆಮೇಲೆ, "ಅಂದ್ರ ಅವನ ಕೈನ ಬಾರಸಾಕತ್ತೈತಿ ಅಲ್ಲೇನ? ಬಿಡಸಬ್ಯಾಡ, ಯವ್ವಾ."

"ಬಿಡಸದಿದ್ರ ಒಂದಿನ ಕ್ಲಬ್ ಸುಟ್ಟು ನೀನೂ ಸುಡತಿ. ತಮ್ಮ ಅದಕ್ಕ ಕರಿಯಾಕತ್ತಾನೇನ?"

ಮಾಯಪ್ಪ ಮುಖ ತಿರುಗಿಸಿ, "ಮಾಡು" ಎನ್ನುತ್ತಾರೆ.

ಸಣ್ಣ ಅರದಿಂದ ತಗಡು ಬಿಡಿಸಿ, ತಿಕ್ಕಿ, ನಡುವೆ ಕೂದಲೆಳೆ ಹಿಡಿಸುವಷ್ಟು ಸಂದು ಮಾಡುತ್ತಾರೆ. ಕಪ್ಪಾದ ಕಾಯಿಲ್ ತೆಗೆದು ಕಿಟಕಿಯ ಹೊರಗಿನ ಕಟ್ಟೆಗಿಟ್ಟು, ಹೊಸದನ್ನು ಸುತ್ತಿ ಕೂಡಿಸುವ ಹೊತ್ತಿಗೆ ಸಂಜೆ.

ಮರುದಿನ ನಸುಕಿಗೆ ಮೂವರೂ ಅಲ್ಲೇ ಇದ್ದೇವೆ. ಕರೆಂಟು ಬರುತ್ತದೆ. ಗಂಟೆ ಬಾರಿಸುವುದಿಲ್ಲ. ಜಲಪಾತದ ಸದ್ದು ಮೊದಲ ಸಲ ಕೇಳಿದಂತಾಗುತ್ತದೆ. ಲಗಮವ್ವ ಬೆರಳಿನಿಂದ ತಗಡು ಒತ್ತುತ್ತಾರೆ: ಠಣ್. ಕಡ್ಡಿ ಹಿಂದೆ ಸರಿಯುತ್ತದೆ. ಬಹಳ ಹೊತ್ತು ಬಿಟ್ಟು ಹೊಸ ಕಾಯಿಲ್ ಮುಟ್ಟಿ, ತಣ್ಣಗಿದೆ ಎಂದು ತಲೆಯಾಡಿಸುತ್ತಾರೆ.

"ಹಳೇದು ನನಗ ಕೊಡ್ತಿಯೇನ?" ಎಂದು ಮಾಯಪ್ಪ ಕಟ್ಟೆಗೆ ಕೈ ಚಾಚಿ, ಥಟ್ಟನೆ ಹಿಂದೆಳೆದುಕೊಳ್ಳುತ್ತಾರೆ. ನಾನೂ ಮುಟ್ಟುತ್ತೇನೆ. ರಾತ್ರಿಯಿಡೀ ತುಂತುರಿನಲ್ಲಿ ನೆನೆದ, ಯಾವ ವೈರೂ ಇಲ್ಲದ ಸುರುಳಿ, ಈಗಷ್ಟೇ ಯಾರೋ ಅಂಗೈಯಿಂದ ಇಳಿಸಿದಂತೆ ಬೆಚ್ಚಗಿದೆ.

ಲಗಮವ್ವ ಅದನ್ನು ತಿರುಗಿಸಿ ನೋಡಿ, ಅರಿವೆಯಲ್ಲಿ ಸುತ್ತಿ ಮಾಯಪ್ಪನ ಕೈಗಿಡುತ್ತಾರೆ. "ಮನೀಗೆ ಒಯ್ಯಿ, ಕಾಕಾ."

ಇದು ಹೇಗೆ ಎಂದು ಕೇಳುತ್ತೇನೆ. ಅವರು ಅರ, ಇಕ್ಕಳ ಒಂದೊಂದಾಗಿ ಚೀಲಕ್ಕೆ ಹಾಕಿಕೊಳ್ಳುತ್ತಾರೆ.

"ಅದು ನನಗ ಗೊತ್ತಿಲ್ರಿ. ನಾ ಸುತ್ತಿದ್ದು ತಣ್ಣಗೈತಿ. ಅಷ್ಟ ಬರಕೊಳ್ರಿ."