ಹಾರ್ಮೋನಿಯಂ ಮೇಷ್ಟ್ರು ಮತ್ತು ಹಾಡದ ವೀರ

ನಾನು ಇತ್ತೀಚೆಗೆ ದಿನಾ ಬೆಳಗ್ಗೆ ಕಾಫಿಗೆ ಮುಂಚೆ ಒಂದು ಸಲ ಹಳ್ಳಕ್ಕೆ ಬಿದ್ದು ಸಾಯುತ್ತೇನೆ. ಸುದ್ದಿಮನೆಯಲ್ಲಿ ಬಹುಕಾಲ ಕೂತು ಎದ್ದವನು ಸಾವಿನ ವಿಷಯದಲ್ಲಿ ಉತ್ಪ್ರೇಕ್ಷೆ ಮಾಡಬಾರದು, ವಿವರ ಕೊಡುತ್ತೇನೆ. ಹಳ್ಳ ಇರುವುದು ಲ್ಯಾಪ್‌ಟಾಪಿನ ಪರದೆಯಲ್ಲಿ. ಬೀಳುವವನು ಕತ್ತಿ ಹಿಡಿದ ಒಬ್ಬ ವೀರ. ಅವನನ್ನು ಬೀಳಿಸುವುದು ನನ್ನ ಹಾರ್ಮೋನಿಯಂ.

ಇದು ನನ್ನ ತಂಗಿಯ ಮಗಳು ಸುಚಿತ್ರಾಳ ಕೈಚಳಕ. ತಂಗಿಯ ಮನೆ ಹೊಳೆನರಸೀಪುರದಲ್ಲಿ. ಹುಡುಗಿ ಹಾಸನದಲ್ಲಿ ನಮ್ಮ ಜೊತೆ ಇದ್ದು ಎಂಜಿನಿಯರಿಂಗ್ ಓದುತ್ತಾಳೆ. ಗುಂಡಿ ಒತ್ತಿ ಆಡುವಂಥ ವಿಡಿಯೋ ಗೇಮೊಂದನ್ನು ತಾನೇ ಕಟ್ಟಿ, ಅದನ್ನು ವಾದ್ಯ ನುಡಿಸಿ ಆಡುವಂತೆ ಮಾಡಿದ್ದಾಳೆ. ಹಾರ್ಮೋನಿಯಂ ಮೈಗೆ ಒಂದು ಪುಟ್ಟ ಮೈಕು ಅಂಟಿಸಿದ್ದಾಳೆ. ಪೆಟ್ಟಿಗೆಯ ಸ್ವರ ಬಿಟ್ಟು ಬೇರೆ ಸದ್ದು ಅದಕ್ಕೆ ಕೇಳಿಸದು. ಷಡ್ಜ ನುಡಿಸಿದರೆ ವೀರ ನಡೆಯುತ್ತಾನೆ, ಪಂಚಮಕ್ಕೆ ಹಾರುತ್ತಾನೆ, ಮಧ್ಯಮಕ್ಕೆ ಬೆನ್ನು ತಿರುಗಿಸಿ ಬಂದ ದಾರಿ ಹಿಡಿಯುತ್ತಾನೆ. ಮಧ್ಯಮಕ್ಕೂ ಪಂಚಮಕ್ಕೂ ಎಷ್ಟು ಅಂತರ ಎಂದು ಸಂಗೀತ ಬಲ್ಲವರನ್ನು ಕೇಳಿ. ನನ್ನ ಬೆರಳಿಗಂತೂ ಅವೆರಡೂ ಒಂದೇ ಮನೆಯ ಅಣ್ಣತಮ್ಮಂದಿರು.

ಕಾಲೇಜಿನ ಪ್ರದರ್ಶನ ಶನಿವಾರ. ಅವಳ ತಂಡದ ಉಳಿದವರಿಗೆ ಗಿಟಾರ್ ಬೇಕಾಗಿತ್ತು. ಇವಳದು ಹಾರ್ಮೋನಿಯಮ್ಮೇ ಆಗಬೇಕೆಂಬ ಹಟ. ಶುಕ್ರವಾರ ಸಂಜೆಯೊಳಗೆ ಹಾರ್ಮೋನಿಯಂ ನುಡಿಸಿ ಯಾರಾದರೂ ಆಟದ ಕೊನೆ ಮುಟ್ಟಿದರೆ ಸರಿ, ಇಲ್ಲವಾದರೆ ವೇದಿಕೆಗೆ ಗಿಟಾರ್ ಎಂದು ಒಪ್ಪಂದವಾಯಿತು.

“ಗಿಟಾರ್ ಎಲ್ರೂ ತರ್ತಾರೆ ಮಾವ. ನೀವು ಒಂದ್ಸಲ ದಾಟಿಸ್ಬಿಡಿ ಸಾಕು,” ಎಂದಳು.

ಬುಧವಾರ ಇಡೀ ದಿನ ನಾನು ದಾಟಿಸಲಿಲ್ಲ. ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಬೈದಿದ್ದರೆ ಚೆನ್ನಾಗಿತ್ತು. ಆಗ ನಾನು ಪುಟ್ಟಸ್ವಾಮಿ ಮೇಷ್ಟ್ರಿಗೆ ಫೋನು ಮಾಡಿದೆ.

ಪುಟ್ಟಸ್ವಾಮಿ ಮೇಷ್ಟ್ರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದವರು. ಊರೂರಿನ ರೈತರಿಗೆ, ಅಂಗಡಿಯವರಿಗೆ ಪೌರಾಣಿಕ ನಾಟಕ ಕಲಿಸುವುದು ಅವರ ಕಸುಬು. ಅವರ ಹಾರ್ಮೋನಿಯಮ್ಮಿಗೆ ಚನ್ನರಾಯಪಟ್ಟಣದಿಂದ ಗೊರೂರಿನವರೆಗೆ ಹಾಡದ ರಾಜನಿಲ್ಲ. ನನಗೂ ಅವರು ಒಮ್ಮೆ ಪಾತ್ರ ಕೊಟ್ಟಿದ್ದರು: ದ್ವಾರಪಾಲಕ. ಒಂದೇ ಒಂದು ಹಾಡಿತ್ತು. ಎರಡನೆಯ ಪ್ರದರ್ಶನದ ಹೊತ್ತಿಗೆ ಪಾತ್ರ ಉಳಿಯಿತು, ಹಾಡು ಹೋಯಿತು.

ಗುರುವಾರ ಮೇಷ್ಟ್ರು ಬಂದರು. ಚಾಪೆಯ ಮೇಲೆ ಕೂತು, ತಿದಿ ಒತ್ತಿ, ಷಡ್ಜ ಹಿಡಿದರು. ವೀರ ನಡೆದ. ಹಳ್ಳ ಹತ್ತಿರ ಬಂತು. ಮೇಷ್ಟ್ರು ಪರದೆಯನ್ನೇ ನೋಡುತ್ತಾ ಷಡ್ಜವನ್ನು ಬಿಡದೆ ಹಿಡಿದಿದ್ದರು. ವೀರ ಹಳ್ಳಕ್ಕೆ ಬಿದ್ದ. ಮತ್ತೆ ಶುರುಮಾಡಿದರು. ಮತ್ತೆ ಬಿದ್ದ.

“ಏನವ್ವಾ ಇವ್ನು, ಶ್ರುತಿ ಕೊಟ್ರೂ ಬಾಯೇ ಬುಡಾಕಿಲ್ಲ?” ಎಂದರು ಮೇಷ್ಟ್ರು.

“ಅವನು ಹಾಡಲ್ಲ ಮೇಷ್ಟ್ರೆ. ನೀವು ಪಂಚಮ ನುಡಿಸಿದ್ರೆ ಹಾರ್ತಾನೆ,” ಎಂದಳು ಸುಚಿತ್ರಾ.

“ನಾನ್ ಏಳಿದ್ಮ್ಯಾಲೆ ಆರೋದಾದ್ರೆ ಅವ್ನು ಎಂಥಾ ವೀರ ಕಣವ್ವ? ಅವ್ನು ಎತ್ಕೋಬೇಕು, ನಾನು ಇಂದೆ ಬರ್ಬೇಕು. ಅದು ಪದ್ಧತಿ.”

ಇಲ್ಲಿ ಸ್ವಲ್ಪ ನಿಲ್ಲೋಣ. ಹಾರ್ಮೋನಿಯಂ ಹಡಗು ಹತ್ತಿ ಪಶ್ಚಿಮದಿಂದ ಬಂದ ಪೆಟ್ಟಿಗೆ. ಇಲ್ಲಿಗೆ ಬಂದಮೇಲೆ ಅದು ಕಲಿತ ದೊಡ್ಡ ವಿದ್ಯೆ ಎಂದರೆ ಇನ್ನೊಬ್ಬರ ಹಿಂದೆ ಹೋಗುವುದು. ನಟ ಸಾಲು ಮರೆತರೆ ಅದು ಕಾಯುತ್ತದೆ, ಅವಸರ ಮಾಡಿದರೆ ಓಡುತ್ತದೆ. ಗೇಮು ಬಯಸುವುದು ಇದರ ತದ್ವಿರುದ್ಧ: ಅಲ್ಲಿ ಬೆರಳು ಮುಂದೆ, ವೀರ ಹಿಂದೆ. ನಾವು ಪತ್ರಕರ್ತರು ಜೀವನವಿಡೀ ಕುಟ್ಟಿದ ಕೀಲಿಮಣೆಯೂ ಆ ಜಾತಿಯದೇ. ಯಾರ ದನಿಗೂ ಕಾಯುವುದಿಲ್ಲ. ಹೀಗಾಗಿ ನಮ್ಮ ಹಜಾರದಲ್ಲಿ ಮೇಷ್ಟ್ರು ವೀರನಿಗೆ ಕಾದರು, ವೀರ ಮೇಷ್ಟ್ರಿಗೆ ಕಾದ, ಹಳ್ಳ ಮಾತ್ರ ಯಾರಿಗೂ ಕಾಯಲಿಲ್ಲ.

ಪರಿಹಾರ ಹೊಳೆದದ್ದು ನನಗೆ ಎಂದು ದಾಖಲಿಸಲು ಸಂತೋಷವಾಗುತ್ತದೆ. ವೀರ ಹಾಡದಿದ್ದರೆ ಅವನ ಪರವಾಗಿ ಬೇರೆಯವರು ಹಾಡಲಿ, ಮೇಷ್ಟ್ರು ಅವರ ಹಿಂದೆ ಬರಲಿ. ಎದ್ದು ನಿಂತು ನಾನೇ ಹಾಡಿದೆ. ವೀರ ಸೊಗಸಾಗಿ ನಡೆದ. ಹಳ್ಳದ ಅಂಚಿನಲ್ಲಿ ನಾನು ಪಂಚಮಕ್ಕೆ ಹೊರಟು ಮಧ್ಯಮದಲ್ಲಿ ಇಳಿದೆ. ಅದು ತಪ್ಪೆಂದು ಗೊತ್ತಿದ್ದೂ ಮೇಷ್ಟ್ರು ಮಧ್ಯಮವನ್ನೇ ಒತ್ತಿದರು. ವೀರ ಹಿಂದಿರುಗಿ ಮನೆ ಕಡೆ ನಡೆದ.

“ನಾನು ತಪ್ಪಿದ್ದು ಗೊತ್ತಾಗ್ಲಿಲ್ವಾ ಮೇಷ್ಟ್ರೆ?”

“ಗೊತ್ತಾಗ್ದೆ ಏನ್ ಸಾ? ಪಾತ್ರಧಾರಿ ತಪ್ಪುದ್ರೆ ನಾನೂ ಜೊತೇಲಿ ತಪ್ಪೋದೇಯ. ಆಗ ಜನುಕ್ಕೆ ತಪ್ಪು ಅನ್ಸಾಕಿಲ್ಲ. ನಿಮ್ ದ್ವಾರಪಾಲಕನ್ನ ಇಂಗೇ ಅಲ್ವಾ ಕಾಪಾಡಿದ್ದು?”

ಇಷ್ಟು ವರ್ಷ ಆ ಮೊದಲ ಪ್ರದರ್ಶನದಲ್ಲಿ ನಾನು ಸರಿಯಾಗಿಯೇ ಹಾಡಿದ್ದೆ ಎಂದು ನಂಬಿದ್ದೆ.

ಸುಚಿತ್ರಾ ನಕ್ಕಳು. ಬುಧವಾರದಿಂದ ಅವಳು ನಕ್ಕದ್ದು ಅದೇ ಮೊದಲು. “ಮಾವ, ನೀವು ಕೂತ್ಕೊಳ್ಳಿ,” ಎಂದಳು. ಹಾಡಿ ಅಭ್ಯಾಸವಿಲ್ಲದ ಹುಡುಗಿ. ಮೊದಲ ಸ್ವರ ನಡುಗಿತು. ಮೇಷ್ಟ್ರು ಅದರ ಪಕ್ಕದಲ್ಲೇ ನಡೆದು, ಮೆಲ್ಲಗೆ ಆಸರೆ ಕೊಟ್ಟು ನಿಲ್ಲಿಸಿದರು. ದಾರಿಯಲ್ಲಿ ಎಲ್ಲೆಲ್ಲಿ ಹಳ್ಳ ಇದೆ ಎಂದು ಅವಳಿಗೆ ಗೊತ್ತು, ತೋಡಿದವಳೇ ಅವಳು. ಹಳ್ಳದ ಅಂಚಿಗೆ ಪಂಚಮ ಎತ್ತಿದಳು. ಉಸಿರಿನಷ್ಟು ಹಿಂದೆ ಹಾರ್ಮೋನಿಯಂ, ಅದರ ಹಿಂದೆ ವೀರ. ಹಾರಿದ! ಶುಕ್ರವಾರ ಸಂಜೆ ತಂಡದ ಕಣ್ಣೆದುರೇ ಹುಡುಗಿ, ಮೇಷ್ಟ್ರು, ವೀರ ಮೂವರೂ ಕೂಡಿ ಕೊನೆ ಮುಟ್ಟಿದರು. ಗಿಟಾರ್ ಚೀಲ ಸೇರಿತು.

ಶನಿವಾರ ಕಾಲೇಜಿನ ಸಭಾಂಗಣ ತುಂಬಿತ್ತು. ನನ್ನ ಪಾತ್ರವೇನೆಂದು ಸುಚಿತ್ರಾಳನ್ನು ಕೇಳಿದೆ. ವೇದಿಕೆಯ ಮೂಲೆಯ ಸ್ವಿಚ್ ಬೋರ್ಡ್ ತೋರಿಸಿದಳು. ಪ್ಲಗ್ ಸಡಿಲವಾಗಿತ್ತು, ಲ್ಯಾಪ್‌ಟಾಪಿನ ಬ್ಯಾಟರಿಯನ್ನು ನಂಬುವಂತಿರಲಿಲ್ಲ. “ದ್ವಾರಪಾಲಕ, ಮಾವ. ಗಟ್ಟಿಯಾಗಿ ಹಿಡ್ಕೊಂಡಿರಿ, ಬಾಯಿ ಮಾತ್ರ ಬಿಡ್ಬೇಡಿ.”

ಅವಳು ಹಾಡಿದಳು, ಮೇಷ್ಟ್ರು ನುಡಿಸಿದರು, ವೀರ ಕೊನೆಯ ಹಳ್ಳವನ್ನೂ ದಾಟಿದ. ಹುಡುಗರು “ಒನ್ಸ್ ಮೋರ್” ಎಂದು ಕೂಗಿದರು. ಆ ಕೂಗಿಗೆ ಮಾತ್ರ ಮೇಷ್ಟ್ರು ಯಾರ ಹಿಂದೆಯೂ ಬರಲಿಲ್ಲ. ಹುಡುಗಿ ಉಸಿರು ತೆಗೆದುಕೊಳ್ಳುವ ಮುಂಚೆಯೇ ಷಡ್ಜ ಹಿಡಿದಿದ್ದರು.

ಮುಗಿದಮೇಲೆ ತೀರ್ಪುಗಾರರಲ್ಲೊಬ್ಬರು ಕೇಳಿದರು: “ಕಂಟ್ರೋಲ್ ನಿಜವಾಗಿ ಯಾರ ಕೈಲಿದೆ?”

“ನನ್ನ ಕೈಲಿಲ್ಲ ಸಾ. ಈ ಮಗ ಆಡ್ತು, ನಾನು ಇಂದಿಂದೆ ಬಂದೆ,” ಎಂದರು ಮೇಷ್ಟ್ರು.

“ನಾನು ಅವನು ಎಲ್ಲಿ ಬರ್ತಿದಾನೆ ಅಂತ ನೋಡ್ಕೊಂಡು ಹಾಡ್ದೆ ಸರ್,” ಎಂದು ಸುಚಿತ್ರಾ ವೀರನನ್ನು ತೋರಿಸಿದಳು. ವೀರ ಮೇಷ್ಟ್ರ ಸ್ವರಕ್ಕೆ ಕಾಯುತ್ತ ನಿಂತಿದ್ದ.

ಯಾರು ಮಾಡಿದರು ಎಂಬ ಪ್ರಶ್ನೆಗೆ ಉತ್ತರವಿಲ್ಲದ ವರದಿಯನ್ನು ನಾನು ಎಂದೂ ಅಚ್ಚಿಗೆ ಬಿಟ್ಟವನಲ್ಲ. ಇದೊಂದನ್ನು ಬಿಡುತ್ತಿದ್ದೇನೆ. ತೀರ್ಪುಗಾರರು ಮೂಲೆಯ ಕಡೆ ತಿರುಗಿ ನೋಡಲಿಲ್ಲ. ನೋಡಿದ್ದರೆ, ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದು, ತುಟಿ ಬಿಗಿದು ನಿಂತಿದ್ದ ಒಬ್ಬ ದ್ವಾರಪಾಲಕ ಕಾಣುತ್ತಿದ್ದ. ನನ್ನ ರಂಗಜೀವನದಲ್ಲಿ ಶ್ರುತಿ ತಪ್ಪದ ಪಾತ್ರ ಅದೊಂದೇ.