ಗ್ಲೌಸ್‌ಗೊಂದು ಮೊಟ್ಟೆ

ಶಿವಾಜಿನಗರದ ನನ್ನ ಚರ್ಮದ ರಿಪೇರಿ ಅಂಗಡಿಗೆ ಉದ್ದನೆಯ ಅಮೆರಿಕನ್ ಒಬ್ಬ ಹುರಿ ಕಿತ್ತುಹೋದ ಗ್ಲೌಸ್ ತಂದ. ಬೇಸ್‌ಬಾಲ್‌ನಲ್ಲಿ ಫಸ್ಟ್ ಬೇಸ್ ಕಾಯ್ತಿದ್ದನಂತೆ. ಒಂದು ಕಾಲು ಬೇಸ್ ಮೇಲಿಟ್ಟು, ಎಸೆದದ್ದನ್ನೆಲ್ಲ ಹಿಡಿಯೋ ಕೆಲಸ.

"ಹನ್ನೆರಡು ವರ್ಷ ನನಗೆ ಅನ್ನ ಹಾಕಿದ್ದೇ ಇದು. ಎಲ್ಲ ಅಂಗಡಿಯವರೂ ಬಿಸಾಕು ಅಂತಾರೆ," ಅಂದ.

"ನಮ್ಮ ತಾತ ಇಂಥದ್ದೇ ಹೊಲೀತಿದ್ರು ಗುರು," ಅಂತ ರೈಲು ಬಿಟ್ಟೆ. ಬಿಟ್ಟಮೇಲೆ ಮಾನ ಉಳಿಸ್ಕೋಬೇಕಲ್ಲ! ಮೂರು ಸಲ ಹೊಲಿದು ಬಿಚ್ಚಿ, ನಾಲ್ಕನೇ ಸಲ ಬಿಗಿದೆ.

"ಟೆಸ್ಟ್ ಮಾಡೋಣ," ಅಂತ ರಸ್ತೆಯಾಚೆ ನಿಂತು ಮೊಟ್ಟೆ ಎಸೆದೆ. ಅವನು ನನ್ನ ಅಂಗಡಿ ಹೊಸ್ತಿಲ ಮೇಲಿಂದ ಕಾಲು ಕೀಳದೆ, ಮೈ ಚಾಚಿ ಹಿಡಿದ. ಮೊಟ್ಟೆ ಒಡೆದಿರಲಿಲ್ಲ. ಗ್ಲೌಸ್‌ಗೆ ಮುತ್ತಿಟ್ಟ.

ಅದು ಬೇಯಿಸಿದ ಮೊಟ್ಟೆ ಅಂತ ಯಾಕೆ ಹೇಳ್ಲಿ? ನನ್ನ ಹೊಲಿಗೆ ಮೇಲೆ ನನಗೇ ಇದ್ದ ನಂಬಿಕೆ ಅಷ್ಟೇ.